ಮಕುಶಿ ಭಾಷೆ ಮಾತಾಡುವವರು ಯಾರು? ಅದು ಉಳಿಯುತ್ತಾ?

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳ್ತೀನಿ. ಉಳಿಯುತ್ತದೆ ಅಂತ ನಾನು ನಂಬಿದ್ದೇನೆ. ಆದರೆ ಅದು ಶಾಲೆಗಿಂತ ಜಾಸ್ತಿ ಅವರ ನೆಲದ ಮೇಲೆ ನಿಂತಿದೆ.

ಮಕುಶಿಗಳು ದಕ್ಷಿಣ ಅಮೆರಿಕದ ಮೂಲನಿವಾಸಿಗಳು. ಬ್ರೆಜಿಲ್‌ನ ರೊರೈಮಾ ರಾಜ್ಯ ಮತ್ತು ಪಕ್ಕದ ಗಯಾನಾದ ರುಪುನುನಿ ಹುಲ್ಲುಗಾವಲಿನಲ್ಲಿ ಇದ್ದಾರೆ, ಬ್ರೆಜಿಲ್ ಕಡೆಯೇ ಹೆಚ್ಚು. ಭಾಷೆ ಕರೀಬ್ ಕುಟುಂಬದ್ದು, ಪೆಮೋನ್ ಮತ್ತು ಅಕವಾಯೊ ಭಾಷೆಗಳಿಗೆ ಹತ್ತಿರ. ನನಗೆ ತುಂಬಾ ಇಷ್ಟವಾದ ಸಂಗತಿ ಅದರ ವ್ಯಾಕರಣದಲ್ಲಿದೆ. 'ಹುಡುಗ ಬಂದ' ಅನ್ನುವಾಗ ಹುಡುಗನಿಗೆ ಯಾವ ಪ್ರತ್ಯಯವೂ ಇಲ್ಲ. 'ಹುಡುಗ ಮೀನು ಹಿಡಿದ' ಅಂದರೆ ಹುಡುಗನಿಗೆ 'ಯಾ' ಸೇರುತ್ತದೆ, ಹಿಂದಿಯ 'ನೇ' ಥರ. ಕನ್ನಡದಲ್ಲಿ ಈ ವ್ಯತ್ಯಾಸವೇ ಇಲ್ಲ ಅಲ್ವಾ?

1904ರಲ್ಲಿ ಇಟಲಿಯ ರಾಜ ಕೊಟ್ಟ ತೀರ್ಪಿನಿಂದ ಟಕುಟು, ಇರೆಂಗ್ ನದಿಗಳು ಈ ಎರಡು ನಾಡುಗಳ ನಡುವಿನ ಗಡಿಯಾದವು. ಹಾಗಾಗಿ ಒಂದೇ ಭಾಷೆಯ ಮಕ್ಕಳಿಗೆ ಗಯಾನಾ ದಡದಲ್ಲಿ ಇಂಗ್ಲಿಷ್ ಪಾಠ, ಬ್ರೆಜಿಲ್ ದಡದಲ್ಲಿ ಪೋರ್ಚುಗೀಸ್. ಶಾಲೆಯ, ಪೇಟೆಯ ಭಾಷೆ ಬೇರೆಯಾದಾಗ ಮನೆಮಾತು ಸೊರಗುವುದು ಸಹಜ.

ಆದರೂ ಅದು ಉಸಿರಾಡುವ ಜಾಗ ಒಂದಿದೆ: ಮರಗೆಣಸಿನ ಹೊಲ. ಕಹಿ ಮರಗೆಣಸಿನಲ್ಲಿ ಸಯನೈಡ್ ವಿಷ ಇರುತ್ತದೆ. ಅದನ್ನು ತುರಿದು, ಮಟಾಪಿ ಅನ್ನುವ ಉದ್ದನೆಯ ಹೆಣೆದ ಚೀಲದಲ್ಲಿ ಹಿಂಡಿ, ರೊಟ್ಟಿ ಸುಡುತ್ತಾರೆ, ಫರೀನ್ ಅನ್ನುವ ತರಿತರಿ ಹಿಟ್ಟು ಹುರಿಯುತ್ತಾರೆ. ಹಿಂಡಿದ ರಸವನ್ನೂ ಬಿಸಾಡುವುದಿಲ್ಲ, ಚೆನ್ನಾಗಿ ಕುದಿಸಿ ಅಡುಗೆಗೆ ಬಳಸುತ್ತಾರೆ. ರೊಟ್ಟಿಗೆ ಬೂಷ್ಟು ಹಿಡಿಸಿ ಪರಕಾರಿ ಅನ್ನುವ ಪಾನೀಯ ಮಾಡುತ್ತಾರೆ. ಯಾವ ತಳಿ ಯಾವುದಕ್ಕೆ, ಎಷ್ಟು ಹಿಂಡಬೇಕು, ಎಷ್ಟು ಕುದಿಸಬೇಕು ಅನ್ನುವುದನ್ನೆಲ್ಲ ಮಕ್ಕಳು ಹಿರಿಯರ ಜೊತೆ ಕೆಲಸ ಮಾಡುತ್ತಲೇ ಕಲಿಯುತ್ತಾರೆ. ಹೊಲ ಕೈಬಿಟ್ಟರೆ ಈ ಮಾತುಗಳಿಗೆ ಕೆಲಸವೇ ಇರುವುದಿಲ್ಲ.

ಅದಕ್ಕೇ ರೊರೈಮಾದ ರಪೋಸಾ ಸೆರ್ರಾ ದೊ ಸೊಲ್ ಎಂಬ ಪ್ರದೇಶದ ನೆಲದ ಹೋರಾಟವನ್ನು ನಾನು ಭಾಷೆಯ ಹೋರಾಟ ಅಂತಲೂ ನೋಡುತ್ತೇನೆ. ಸುಮಾರು 17 ಲಕ್ಷ ಹೆಕ್ಟೇರಿನ ಈ ಪ್ರದೇಶ ಮಕುಶಿ, ವಪಿಶಾನ ಮುಂತಾದ ಜನರದ್ದು ಅಂತ ಬ್ರೆಜಿಲ್ ಸರ್ಕಾರ 2005ರಲ್ಲಿ ಅಧಿಕೃತಗೊಳಿಸಿತು. ದೊಡ್ಡ ಭತ್ತದ ಬೆಳೆಗಾರರು ಜಾಗ ಬಿಡಲು ಒಪ್ಪಲಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟ್ ಮೂಲನಿವಾಸಿಗಳ ಪರ ನಿಂತ ಮೇಲೆ ಬೆಳೆಗಾರರು ಹೊರಹೋಗಬೇಕಾಯಿತು. ಆಮೇಲೆ 2014ರಲ್ಲಿ ಗಡಿಯ ಬೊನ್‌ಫಿಂ ಪುರಸಭೆ ಪೋರ್ಚುಗೀಸ್ ಜೊತೆಗೆ ಮಕುಶಿ ಮತ್ತು ವಪಿಶಾನವನ್ನೂ ಅಧಿಕೃತ ಭಾಷೆ ಮಾಡಿತು. ಗಯಾನಾ ಕಡೆಯ ಮಕ್ಕಳಿಗೂ ಇಂಥ ಮನ್ನಣೆ ಬೇಗ ಸಿಗಲಿ ಅಂತ ನನ್ನ ಆಸೆ.