ಹಿಂಜರಿತ ಬಂದಾಗ ಸೇನೆಯ ಯಾವ ಖರ್ಚು ನಿಲ್ಲುತ್ತದೆ?

ಸಿಂಧನೂರಿನ ಓದುಗರೊಬ್ಬರ ಪತ್ರ: "ಆರ್ಥಿಕ ಹಿಂಜರಿತ ಬಂದರೆ ಸೇನೆಯ ಖರ್ಚು ಇಳಿಯಬೇಕಲ್ಲವೇ? ಉಳಿದ ಹಣ ನಮ್ಮ ಎಡದಂಡೆ ಕಾಲುವೆಯ ದುರಸ್ತಿಗೆ ಯಾಕೆ ಬರುವುದಿಲ್ಲ? ನಾಲ್ಕಾರು ದೇಶಗಳು ಕೂಡಿ ವಿಮಾನ ಕಟ್ಟಿದರೆ ಎಲ್ಲರಿಗೂ ಅಗ್ಗವಲ್ಲವೇ?"

ಸಂಪಾದಕರ ಉತ್ತರ:

ಇಳಿಯಲೇಬೇಕೆಂದಿಲ್ಲ. 2020ರಲ್ಲಿ ಕೋವಿಡ್‌ನಿಂದ ಜಗತ್ತಿನ ಉತ್ಪನ್ನ ಕುಸಿದರೂ ಸೇನಾ ವೆಚ್ಚ ಶೇ 2.6ರಷ್ಟು ಏರಿ 1.98 ಲಕ್ಷ ಕೋಟಿ ಡಾಲರ್ ಮುಟ್ಟಿತೆಂದು ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿ ಲೆಕ್ಕ ಹಾಕಿತು. ಅಂಥ ವರ್ಷ 'ಜಿಡಿಪಿಯಲ್ಲಿ ಶೇಕಡಾ ಇಷ್ಟು' ಎಂಬ ಅಂಕಿಯನ್ನು ನಂಬಬೇಡಿ. ಜಿಡಿಪಿ, ಅಂದರೆ ದೇಶದ ಒಟ್ಟು ಉತ್ಪನ್ನ, ಕುಗ್ಗಿದರೆ, ಒಂದು ರೂಪಾಯಿ ಹೆಚ್ಚು ಖರ್ಚಾಗದಿದ್ದರೂ ಅದು ಏರುತ್ತದೆ.

ನೋಡಬೇಕಾದದ್ದು ಒಳಗಿನ ಹಂಚಿಕೆ. 2025–26ರ ಬಜೆಟ್‌ನಲ್ಲಿ ರಕ್ಷಣೆಗಿಟ್ಟ 6.81 ಲಕ್ಷ ಕೋಟಿ ರೂಪಾಯಿಯಲ್ಲಿ ಪಿಂಚಣಿಯೇ 1.61 ಲಕ್ಷ ಕೋಟಿ. ಸಂಬಳ, ಪಡಿತರ, ಇಂಧನ, ಬಿಡಿಭಾಗಗಳೆಲ್ಲ ಸೇರುವ ರಾಜಸ್ವ ವೆಚ್ಚ 3.12 ಲಕ್ಷ ಕೋಟಿ. ಹೊಸ ಶಸ್ತ್ರ, ಹಡಗು, ವಿಮಾನಗಳ ಬಂಡವಾಳ ವೆಚ್ಚ 1.80 ಲಕ್ಷ ಕೋಟಿ. ಪಿಂಚಣಿ, ಸಂಬಳ ಮುಟ್ಟುವಂತಿಲ್ಲ. ಬಂಡವಾಳದ ಹಣದಲ್ಲೂ ಹಳೆಯ ಒಪ್ಪಂದಗಳ ಕಂತು ಮೊದಲು ಹೋಗಬೇಕು. ರೂಪಾಯಿ ಬಿದ್ದರೆ ಡಾಲರಿನಲ್ಲಿ ಕಟ್ಟುವ ಕಂತು ಇನ್ನಷ್ಟು ಉಬ್ಬುತ್ತದೆ. ಹೀಗಾಗಿ ಮೊದಲು ಮುಂದೂಡಿಕೆಯಾಗುವುದು ಹೊಸ ಖರೀದಿ, ಆಮೇಲೆ ಕಡಿತವಾಗುವುದು ಬಿಡಿಭಾಗ, ಗುಂಡು ಹಾರಿಸುವ ಅಭ್ಯಾಸ, ಹಾರಾಟದ ಗಂಟೆಗಳು. ಲೆಕ್ಕದ ಪುಸ್ತಕದಲ್ಲಿ ವಿಮಾನಗಳ ಸಂಖ್ಯೆ ಹಾಗೆಯೇ ಇರುತ್ತದೆ, ಹಾರಲು ಸಿದ್ಧವಿರುವವು ಕಡಿಮೆಯಾಗುತ್ತವೆ. ಇದು ನಿಜಕ್ಕೂ ಚಿಂತೆಯ ಮಾತು, ಏಕೆಂದರೆ ಪತ್ರಿಕೆಯ ತಲೆಬರಹಕ್ಕೆ ಇದು ಸಿಗುವುದೇ ಇಲ್ಲ. ಮುಂದಿನ ಬಜೆಟ್ ಬಂದಾಗ ಬಂಡವಾಳ ವೆಚ್ಚದ ಪರಿಷ್ಕೃತ ಅಂದಾಜನ್ನು ಹಿಂದಿನ ಬಜೆಟ್ ಅಂದಾಜಿನ ಪಕ್ಕ ಇಟ್ಟು ನೋಡಿ, ಖರೀದಿ ಮುಂದೂಡಿದ್ದರೆ ಅಲ್ಲಿ ಕಾಣುತ್ತದೆ.

ಕಾಲುವೆಯ ವಿಷಯ: ಮುಂದೂಡಿದ ಖರೀದಿ ಉಳಿತಾಯವಲ್ಲ, ಬಾಕಿ. ತೆರಿಗೆ ಆದಾಯ ಕುಸಿದ ವರ್ಷ ಆ ಹಣ ಕೇಂದ್ರದ ಕೊರತೆ ತುಂಬಲು ಹೋಗುತ್ತದೆ. ಕಾಲುವೆ ದುರಸ್ತಿಯ ದುಡ್ಡನ್ನು ಬೆಂಗಳೂರಿನಲ್ಲೇ ಕೇಳಬೇಕು, ಕೇಳಲೂ ಬೇಕು.

ಇನ್ನು ಕೂಡಿ ಕಟ್ಟುವುದು. ಯುರೋಪಿನ ಏಳು ದೇಶಗಳು 2003ರಲ್ಲಿ 180 ಎ400ಎಂ ಸಾಗಣೆ ವಿಮಾನಗಳಿಗೆ ಬೇಡಿಕೆ ಇಟ್ಟವು. ಎಂಜಿನ್ ತೊಡಕಿನಿಂದ ಕೆಲಸ ಮೊದಲೇ ತಡವಾಗಿತ್ತು. ಅಷ್ಟರಲ್ಲಿ 2008ರ ಆರ್ಥಿಕ ಬಿಕ್ಕಟ್ಟು ಬಂತು. ಜರ್ಮನಿ 60ರಿಂದ 53ಕ್ಕೆ, ಬ್ರಿಟನ್ 25ರಿಂದ 22ಕ್ಕೆ ಇಳಿದವು. ಹೀಗೆ ಸಂಖ್ಯೆ ತಗ್ಗಿದರೂ ವಿನ್ಯಾಸ, ಪರೀಕ್ಷೆ, ಅಚ್ಚುಗಳ ಖರ್ಚು ತಗ್ಗುವುದಿಲ್ಲ, ಪ್ರತಿ ವಿಮಾನದ ಬೆಲೆ ಏರುತ್ತದೆ. ನಿಮ್ಮ ಕಡೆ ನಾಲ್ವರು ಕೂಡಿ ಪೈಪ್‌ಲೈನ್ ಎಳೆಸುವಾಗ ಒಬ್ಬರು ಕೈಬಿಟ್ಟರೆ ಉಳಿದವರ ಪಾಲು ಏರುತ್ತದಲ್ಲ, ಅದೇ ಲೆಕ್ಕ.

ಒಂದೇ ಸೌಲಭ್ಯವನ್ನು ಹಂಚಿಕೊಳ್ಳುವುದು ಮಾತ್ರ ಹಿಂಜರಿತದಲ್ಲೇ ಚೆನ್ನಾಗಿ ನಡೆಯುತ್ತದೆ. 2010ರ ಅಕ್ಟೋಬರ್‌ನಲ್ಲಿ ಬ್ರಿಟನ್ ಆರ್ಕ್ ರಾಯಲ್ ಎಂಬ ವಿಮಾನವಾಹಕ ಹಡಗನ್ನೂ ಹ್ಯಾರಿಯರ್ ಯುದ್ಧವಿಮಾನಗಳನ್ನೂ ನಿವೃತ್ತಿಗೊಳಿಸಲು ನಿರ್ಧರಿಸಿತು. ನವೆಂಬರ್ 2ರಂದೇ ಫ್ರಾನ್ಸ್ ಜೊತೆ ಲ್ಯಾಂಕಾಸ್ಟರ್ ಹೌಸ್ ಒಪ್ಪಂದಗಳಿಗೆ ಸಹಿ ಹಾಕಿ, ಅಣ್ವಸ್ತ್ರ ಪರಿಶೀಲನೆಗೆ ಫ್ರಾನ್ಸಿನ ವಾಲ್ದುಕ್‌ನಲ್ಲಿ ಜಂಟಿ ಪ್ರಯೋಗಾಲಯ ಕಟ್ಟಲು ಒಪ್ಪಿತು.

ನೀವು ಕೇಳದ ಇನ್ನೊಂದು ಅಪಾಯವಿದೆ: ಮಾರುವವನೇ ದಿವಾಳಿಯಾಗುವುದು. 1991ರಲ್ಲಿ ನಮ್ಮಲ್ಲಿ ವಿದೇಶಿ ವಿನಿಮಯ ಬತ್ತಿ, 47 ಟನ್ ಚಿನ್ನ ಅಡವಿಡಬೇಕಾಯಿತು. ಅದೇ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ನಮ್ಮ ಸೇನೆಯಲ್ಲಿದ್ದ ಸೋವಿಯತ್ ಶಸ್ತ್ರಗಳ ಬಿಡಿಭಾಗ ತಯಾರಿಸುತ್ತಿದ್ದ ಕಾರ್ಖಾನೆಗಳು ಬೇರೆಬೇರೆ ದೇಶಗಳಿಗೆ ಹಂಚಿಹೋದವು. ನಮ್ಮ ವಾಯುಪಡೆಯ ಸಾಗಣೆ ವಿಮಾನ ಎಎನ್-32 ತಯಾರಾಗುತ್ತಿದ್ದ ಕೀವ್ ಉಕ್ರೇನಿಗೆ ಸೇರಿತು. ಆದ್ದರಿಂದ ಯಾವ ರಕ್ಷಣಾ ಒಪ್ಪಂದವಾದರೂ ವಿಮಾನದ ಬೆಲೆಯ ಜೊತೆಗೆ ದುರಸ್ತಿಯ ತಂತ್ರಜ್ಞಾನ, ಬಿಡಿಭಾಗಗಳ ನಕ್ಷೆ, ಅವನ್ನು ಇಲ್ಲೇ ತಯಾರಿಸುವ ಪರವಾನಗಿ ಇವೆಯೇ ಎಂದು ಕೇಳಿ.