ಎಂಜಿಬಿ ಮುಗ್ಗರಿಸುವುದೇಕೆ?

ಪ್ರಶ್ನೆ: ನನ್ನ 1967ರ ಎಂಜಿಬಿ ಸ್ಪೋರ್ಟ್ಸ್ ಕಾರು ಐಡ್ಲಿಂಗ್‌ನಲ್ಲಿ ಚೆನ್ನಾಗಿದೆ. ಕ್ಲಬ್ ಡ್ರೈವ್‌ನಲ್ಲಿ ಆಕ್ಸಿಲರೇಟರ್ ಒತ್ತಿದೊಡನೆ ಮುಗ್ಗರಿಸಿ, ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್‌ನಲ್ಲಿ 'ಫಟ್' ಅನ್ನುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಎರಡೂ ಎಸ್‌ಯು ಕಂಪನಿಯ ಕಾರ್ಬ್ಯುರೇಟರ್‌ಗಳ ನೆತ್ತಿಯ ಡ್ಯಾಂಪರ್ (ಎಣ್ಣೆಯಲ್ಲಿ ಮುಳುಗಿರುವ ತಡೆಕಡ್ಡಿ) ಮುಚ್ಚಳ ಬಿಚ್ಚಿ ನೋಡಿ. ಬಹುತೇಕ ಎಣ್ಣೆ ಬತ್ತಿರುತ್ತದೆ. ಕಾರ್ಬ್ಯುರೇಟರ್ ಒಳಗಿನ ಪಿಸ್ಟನ್ ದಿಢೀರನೆ ಮೇಲೇರದಂತೆ ತಡೆದು, ಆ ಕ್ಷಣಕ್ಕೆ ಬೇಕಾದ ಹೆಚ್ಚು ಪೆಟ್ರೋಲ್ ಎಳೆಸುವುದು ಆ ಎಣ್ಣೆಯೇ. 20 ಗ್ರೇಡ್ ಆಯಿಲ್ ಹಾಕಿ. ಡ್ಯಾಂಪರ್ ಮತ್ತೆ ಇಳಿಸುವಾಗ ಮುಚ್ಚಳ ಕೂರಲು ಇನ್ನೂ 6 ಮಿ.ಮೀ. ಇರುವಾಗಲೇ ಕೈಗೆ ತಡೆ ಸಿಗಬೇಕು. ಬ್ರೇಕ್ ಆಯಿಲ್ ಬೇಡವೇ ಬೇಡ.

ಆಮೇಲೂ ಮುಗ್ಗರಿಸಿದರೆ ಎಂಜಿನ್ ನಿಲ್ಲಿಸಿ, ಡ್ಯಾಂಪರ್ ತೆಗೆದು, ಏರ್ ಕ್ಲೀನರ್ ಬಿಚ್ಚಿ, ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಡಿ. 'ಟಕ್' ಎಂದು ಬೀಳಬೇಕು. ಸಿಕ್ಕಿಕೊಂಡರೆ ಒಳಗೆ ಕೊಳೆಯಿದೆ, ಇಲ್ಲವೇ ಜೆಟ್ (ಪೆಟ್ರೋಲ್ ಬರುವ ಸಣ್ಣ ಕೊಳವೆ) ಸರಿಯಾಗಿ ನಡುವೆ ಕೂತಿಲ್ಲ. ಕ್ಲಬ್ಬಿನ ಮುಂದಿನ ಕೂಟದಲ್ಲಿ ಬಾನೆಟ್ ಎತ್ತಿ ಈ 'ಟಕ್' ಸದ್ದನ್ನು ಬೇರೆ ಎಂಜಿಬಿಯ ಸದ್ದಿನ ಜೊತೆ ಹೋಲಿಸಿ.