ಗಾಲ್ಫ್ ಕಲಿಯುತ್ತಿದ್ದೇನೆ. ಪೂರ್ತಿ ಸೆಟ್ ತಗೊಳ್ಳಲೇ, ಒಂದೊಂದಾಗಿ ತಗೊಳ್ಳಲೇ?

ನೀವು ಹೇಳಿರುವುದು ಇಷ್ಟು: ಎರಡು ತಿಂಗಳಿಂದ ಕೋಚ್ ಹತ್ತಿರ ಕಲಿಯುತ್ತಿದ್ದೀರಿ. ಎತ್ತರ 5 ಅಡಿ 3 ಅಂಗುಲ, ಬಲಗೈ ಆಟ. ಈವರೆಗೆ ರೇಂಜಿನ, ಅಂದರೆ ಅಭ್ಯಾಸದ ಮೈದಾನದ, ಬಾಡಿಗೆ ಕ್ಲಬ್ಬಿನಲ್ಲೇ (ಚೆಂಡು ಹೊಡೆಯುವ ದಾಂಡು) ಹೊಡೆದಿದ್ದೀರಿ, ಚೆನ್ನಾಗಿ ಹೊಡೆದೆ ಅನ್ನಿಸಿದಾಗಲೂ ಚೆಂಡು ಎಡಕ್ಕೆ ಹೋಗುತ್ತದೆ. ಈಗ ಸ್ವಂತ ಕ್ಲಬ್ ಬೇಕು. ಯಾವ ಬ್ರ್ಯಾಂಡು, ಪೂರ್ತಿ ಸೆಟ್ಟೋ ಬಿಡಿಯೋ, ಹೊಸದೋ ಹಳೆಯದೋ ಎಂಬುದು ಪ್ರಶ್ನೆ.

ನೇರವಾಗಿ ಹೇಳಿಬಿಡುತ್ತೇನೆ. ಸದ್ಯಕ್ಕೆ ಏಳು ಕ್ಲಬ್ ಸಾಕು. ಹಳೆಯದಾದರೂ ಪರವಾಗಿಲ್ಲ, ನಿಮ್ಮ ಮೈಗೆ ಹೊಂದಬೇಕು. ಬ್ರ್ಯಾಂಡಿನ ಮಾತು ಕೊನೆಗೆ, ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್ ಅದಕ್ಕಿಂತಲೂ ಕೊನೆಗೆ. ನಾನು ಇದೆಲ್ಲವನ್ನೂ ಉಲ್ಟಾ ಮಾಡಿದವನು, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ನಾನು ಮೊದಲು ಕೊಂಡದ್ದು ಬ್ಲೇಡ್ ಐರನ್‌ಗಳು, ಅಂದರೆ ಚಪ್ಪಟೆ ಲೋಹದ ತಲೆಯ ಕ್ಲಬ್ಬುಗಳು. ತೆಳ್ಳಗೆ, ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಟಿವಿಯಲ್ಲಿ ಆಡುವವರ ಬ್ಯಾಗಿನಲ್ಲಿ ಕಂಡಂಥವೇ. "ಇವತ್ತಲ್ಲ ನಾಳೆ ನೀವು ಇದಕ್ಕೇ ಬರ್ತೀರಿ ಸಾರ್, ಈಗಲೇ ತಗೊಂಡುಬಿಡಿ" ಎಂದ ಅಂಗಡಿಯವನು. ಶಾಫ್ಟ್, ಅಂದರೆ ಕ್ಲಬ್ಬಿನ ಕೋಲಿನ, ಮೇಲೆ ಸ್ಟಿಫ್ (ಬಿರುಸು) ಎಂದಿತ್ತು, ನನಗೂ ಗಂಡಸುತನದ ಹುಮ್ಮಸ್ಸು, ಅದಕ್ಕಿಂತ ಮೆತ್ತಗಿನ ರೆಗ್ಯುಲರ್ ಅಂದರೆ ಯಾಕೋ ಕಡಿಮೆ ಅನ್ನಿಸಿತು. ಆಮೇಲೆ ಒಂದು ಇಡೀ ವರ್ಷ ನನ್ನ ಚೆಂಡು ಮೊಣಕಾಲೆತ್ತರಕ್ಕಿಂತ ಮೇಲೆ ಏಳಲಿಲ್ಲ ಅಂದರೆ ಸ್ವಲ್ಪ ಉತ್ಪ್ರೇಕ್ಷೆಯಾದೀತು, ಆದರೆ ಸ್ವಲ್ಪವೇ. ನಡುವಿಗೆ ತಗುಲದ ಪ್ರತಿ ಏಟಿಗೂ ಬೆರಳುಗಳಿಂದ ಮೊಣಕೈವರೆಗೆ ಜುಮ್ಮೆನ್ನುತ್ತಿತ್ತು. ಒಂದು ದಿನ ಕೋಚ್ ಮಾತಾಡದೆ ತಮ್ಮ ಶೆಡ್ಡಿನಿಂದ ಒಂದು ಹಳೆಯ, ಗೀರುಬಿದ್ದ 7 ಐರನ್ ತಂದು ಕೈಗಿತ್ತರು. ಹಿಂಭಾಗ ಬಟ್ಟಲಿನ ಹಾಗೆ ಒಳಗೆ ಕೊರೆದಿತ್ತು, ಶಾಫ್ಟ್ ರೆಗ್ಯುಲರ್. ಹತ್ತರಲ್ಲಿ ಏಳು ಚೆಂಡು ಎದ್ದು ನೆಟ್ಟಗೆ ಹೋದವು. ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಬಟ್ಟಲಿನ ಗುಟ್ಟು ಸರಳ. ಬ್ಲೇಡಿನಲ್ಲಿ ತೂಕವೆಲ್ಲ ನಡುವಿನ ಹಿಂದೆ ಕೂತಿರುತ್ತದೆ, ಏಟು ಅಂಚಿಗೆ ಬಿದ್ದರೆ ತಲೆ ಗಿರ್ರನೆ ತಿರುಗುತ್ತದೆ. ನಡುವಿನ ಲೋಹವನ್ನು ಕೆರೆದು ಅಂಚುಗಳಿಗೆ ಹಂಚಿದರೆ ಅಷ್ಟು ತಿರುಗುವುದಿಲ್ಲ. ಈ ವಿದ್ಯೆಯನ್ನು ಗಾಲ್ಫಿಗೆ ಗಟ್ಟಿಯಾಗಿ ತಂದವರು ಕಾರ್ಸ್ಟನ್ ಸೋಲ್‌ಹೈಮ್. ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್, ಪಟಿಂಗ್, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಏಟು, ಸರಿಬಾರದೆ ಬೇಸತ್ತು 1959ರಲ್ಲಿ ತಮ್ಮ ಗ್ಯಾರೇಜಿನಲ್ಲೇ ಅದಕ್ಕೆ ಬೇಕಾದ ಒಂದು ಪಟರ್ ಮಾಡಿಕೊಂಡರು. ಚೆಂಡಿಗೆ ತಾಗಿದಾಗ ಅದು ಹೊರಡಿಸಿದ ಸದ್ದೇ ಅವರ ಬ್ರ್ಯಾಂಡಿಗೆ ಪಿಂಗ್ ಎಂಬ ಹೆಸರಾಯಿತು. ಹೊಸಬರಿಗೆ ಹೀಗೆ ಹಿಂಭಾಗ ಕೊರೆದ ಕ್ಯಾವಿಟಿ ಬ್ಯಾಕ್ ಐರನ್ ಬಿಟ್ಟು ಬೇರೆ ಯಾವುದನ್ನಾದರೂ ಯಾರಾದರೂ ಮಾರಲು ಬಂದರೆ ನಮಸ್ಕಾರ ಹೇಳಿ ಎದ್ದುಬನ್ನಿ.

ಈಗ ನಿಮ್ಮ ಎಡಕ್ಕೆ ಹೋಗುವ ಚೆಂಡಿನ ವಿಷಯ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಗುತ್ತೇವಲ್ಲ, ಗಾಲ್ಫಿನಲ್ಲಿ ಕೆಲವೊಮ್ಮೆ ನಿಜವಾಗಿಯೂ ಡೊಂಕು ಇರುತ್ತದೆ, ನೆಲದಲ್ಲಲ್ಲ, ಕ್ಲಬ್ಬಿನಲ್ಲಿ. ಶಾಫ್ಟಿಗೂ ಕ್ಲಬ್ಬಿನ ಅಡಿಗೂ ನಡುವಿನ ಕೋನಕ್ಕೆ ಲೈ ಆಂಗಲ್ ಅನ್ನುತ್ತಾರೆ. ಬಾಡಿಗೆ ಕ್ಲಬ್ಬುಗಳು ಸಾಮಾನ್ಯವಾಗಿ ನಿಮಗಿಂತ ಎತ್ತರದವರ ಅಳತೆಗೆ ಇರುತ್ತವೆ. ಅದನ್ನು ಹಿಡಿದು ನಿಂತಾಗ ನಿಮ್ಮ ಕೈ ಕೆಳಗೆ ಬರುತ್ತದೆ, ಕ್ಲಬ್ಬಿನ ಟೋ, ಅಂದರೆ ಶಾಫ್ಟಿನಿಂದ ದೂರದ ತುದಿ, ಗಾಳಿಯಲ್ಲಿ ಎದ್ದು ನಿಲ್ಲುತ್ತದೆ. ಹಾಗೆ ಎದ್ದಾಗ ಮುಖ ಎಡಕ್ಕೆ ನೋಡತೊಡಗುತ್ತದೆ. ನೀವು ಎಷ್ಟೇ ನೆಟ್ಟಗೆ ಬೀಸಿ, ಚೆಂಡು ಎಡಕ್ಕೇ. ಲಾಫ್ಟ್, ಅಂದರೆ ಮುಖ ಹಿಂದಕ್ಕೆ ವಾಲಿದ ಕೋನ, ಹೆಚ್ಚಿದ್ದಷ್ಟೂ ಈ ತಪ್ಪು ದೊಡ್ಡದಾಗಿ ಕಾಣುತ್ತದೆ, ಹಾಗಾಗಿ ಹತ್ತಿರದ ಏಟಿಗೆ ಬಳಸುವ ವೆಡ್ಜಿನಲ್ಲಿ ಕಾಡುವಷ್ಟು ಡ್ರೈವರಿನಲ್ಲಿ ಕಾಡುವುದಿಲ್ಲ.

ಇದನ್ನು ಪರೀಕ್ಷಿಸಲು ಯಂತ್ರ ಬೇಡ, ಬಿಳಿ ಹಲಗೆಯ ಮೇಲೆ ಬರೆಯುವ ಮಾರ್ಕರ್ ಸಾಕು. ಚೆಂಡಿನ ಮೇಲೆ ದಪ್ಪಗೆ ಒಂದು ಗೆರೆ ಎಳೆಯಿರಿ. ಗೆರೆ ಕ್ಲಬ್ಬಿನ ಮುಖಕ್ಕೆ ಎದುರಾಗಿ ನೆಟ್ಟಗೆ ನಿಲ್ಲುವಂತೆ ಚೆಂಡಿಟ್ಟು 7 ಐರನ್‌ನಲ್ಲಿ ಹೊಡೆಯಿರಿ. ಗೆರೆಯ ಅಚ್ಚು ಮುಖದ ಮೇಲೆ ಮೂಡುತ್ತದೆ. ಮುಖದ ಅಡ್ಡ ಗೀರುಗಳಿಗೆ, ಅಂದರೆ ಗ್ರೂವ್‌ಗಳಿಗೆ, ಅದು ಸರಿಯಾಗಿ ಲಂಬವಾಗಿದ್ದರೆ ಲೈ ಸರಿ. ಗೆರೆಯ ಮೇಲ್ತುದಿ ಟೋ ಕಡೆಗೆ ವಾಲಿದ್ದರೆ ಕ್ಲಬ್ ನಿಮಗೆ ತೀರಾ ನೆಟ್ಟಗಾಯಿತು, ಹಿಮ್ಮಡಿ, ಅಂದರೆ ಶಾಫ್ಟಿನ ಕಡೆಗೆ, ವಾಲಿದ್ದರೆ ತೀರಾ ಮಲಗಿತು. ಒಂದೇ ಏಟಿಗೆ ತೀರ್ಮಾನ ಮಾಡಬೇಡಿ, ಐದಾರು ಸಲ ಒರೆಸಿ ಒರೆಸಿ ನೋಡಿ. ಐದರಲ್ಲಿ ನಾಲ್ಕು ಒಂದೇ ಕಡೆ ವಾಲಿದರೆ ತಪ್ಪು ನಿಮ್ಮದಲ್ಲ. ವಾಲದೆಯೂ ಎಡಕ್ಕೆ ಹೋಗುತ್ತಿದ್ದರೆ, ಪಾಪ, ಕೋಚ್‌ಗೆ ಕೆಲಸ ಇದೆ. ಐರನ್‌ನ ಲೈಯನ್ನು ಒಂದೆರಡು ಡಿಗ್ರಿ ಬಗ್ಗಿಸಿ ಸರಿಮಾಡಿಕೊಡುವವರಿದ್ದಾರೆ, ದೊಡ್ಡ ಕೆಲಸವಲ್ಲ.

ಉದ್ದದ ಬಗ್ಗೆ ಒಂದು ಮಾತು. ಎತ್ತರ ಮಾತ್ರ ನೋಡಿದರೆ ಸಾಲದು. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರ ಕೈ ಉದ್ದ, ಒಬ್ಬರದು ಗಿಡ್ಡ. ಆಡುವ ಶೂ ಹಾಕಿಕೊಂಡು, ಕೈ ಸಡಿಲ ಬಿಟ್ಟು ನಿಂತು, ಮಣಿಕಟ್ಟಿನ ಗೆರೆಯಿಂದ ನೆಲದವರೆಗೆ ಬೇರೆಯವರಿಂದ ಅಳೆಸಿಕೊಳ್ಳಿ. ಬಗ್ಗಿ ನೀವೇ ಅಳೆದರೆ ಅಳತೆಯೇ ಬದಲಾಗುತ್ತದೆ. ಎತ್ತರ ಮತ್ತು ಈ ಅಂತರ, ಎರಡೂ ಸೇರಿಯೇ ಉದ್ದ ತೀರ್ಮಾನವಾಗುವುದು. ಉದ್ದದ ಕ್ಲಬ್ ತಂದು ಕತ್ತರಿಸಿದರಾಯಿತು ಅಂದುಕೊಳ್ಳಬೇಡಿ. ಅರ್ಧ ಅಂಗುಲ ಕತ್ತರಿಸಿದರೂ ತಲೆ ಹಗುರವಾದ ಹಾಗೆ ಕೈಗೆ ತಿಳಿಯುತ್ತದೆ, ಶಾಫ್ಟ್ ಬಿರುಸಾಗುತ್ತದೆ.

ಶಾಫ್ಟಿನ ಮೇಲಿರುವ ಅಕ್ಷರಗಳನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ಲೇಡೀಸ್, ಸೀನಿಯರ್, ರೆಗ್ಯುಲರ್, ಸ್ಟಿಫ್ ಎಂಬುದಕ್ಕೆ ಎಲ್ಲ ಕಂಪನಿಗಳಿಗೂ ಅನ್ವಯವಾಗುವ ಒಂದು ಅಳತೆಯೇ ಇಲ್ಲ. ಒಬ್ಬರ ರೆಗ್ಯುಲರ್ ಇನ್ನೊಬ್ಬರ ಸ್ಟಿಫ್. ಲಿಂಗ, ವಯಸ್ಸು ಮುಖ್ಯವಲ್ಲ, ಬೀಸುವ ವೇಗ ಮುಖ್ಯ. ಡ್ರೈವರಿನಲ್ಲಿ ಗಂಟೆಗೆ 85ರಿಂದ 95 ಮೈಲಿ ಬೀಸುವವರಿಗೆ ರೆಗ್ಯುಲರ್ ಎಂಬುದು ಒಂದು ಒರಟು ಲೆಕ್ಕ, ಅದಕ್ಕಿಂತ ಕಡಿಮೆಯಿದ್ದರೆ ಇನ್ನೂ ಮೆತ್ತಗಿನದು. ಅದಕ್ಕಿಂತ ನಾನು ತೂಕಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ. ಐರನ್‌ನ ಸ್ಟೀಲ್ ಶಾಫ್ಟ್ 90ರಿಂದ 130 ಗ್ರಾಂವರೆಗೆ ಇರುತ್ತದೆ, ಗ್ರಾಫೈಟ್ ಅದಕ್ಕಿಂತ ಬಹಳ ಹಗುರ ಸಿಗುತ್ತದೆ. ಹದಿನೆಂಟು ಹೋಲ್ ನಡೆದ ಮೇಲೆ ಆ ವ್ಯತ್ಯಾಸ ಭುಜಕ್ಕೆ ಗೊತ್ತಾಗುತ್ತದೆ.

ಅಂಗಡಿಯಲ್ಲಿ ಒಂದು ಆಟ ನಡೆಯುತ್ತದೆ, ಎಚ್ಚರ. ನಿಮ್ಮ ಬಾಡಿಗೆಯ 7 ಐರನ್‌ನಲ್ಲಿ ಹೊಡೆಸುತ್ತಾರೆ, ಆಮೇಲೆ ಹೊಸ 7 ಐರನ್ ಕೊಡುತ್ತಾರೆ. ಹೊಸದು ಹದಿನೈದು ಗಜ ಹೆಚ್ಚು ಹೋಗುತ್ತದೆ. ಪರದೆಯ ಮೇಲೆ ಅಂಕಿ ನೋಡಿ ಮನಸ್ಸು ಕರಗುತ್ತದೆ. ಆದರೆ ಕ್ಲಬ್ ಮೇಲಿನ 7 ಎಂಬುದು ಬರೀ ಹೆಸರು. ಹಿಂದೆ 7 ಐರನ್ ಅಂದರೆ 34-35 ಡಿಗ್ರಿ ಲಾಫ್ಟ್, ಈಗ 28-30 ಡಿಗ್ರಿಯವೂ ಇವೆ. ನೀವು ಹೊಡೆದದ್ದು ಹೆಸರು ಬದಲಾಯಿಸಿಕೊಂಡ 6 ಅಥವಾ 5 ಐರನ್. ಇದು ಮೋಸವಲ್ಲ, ತೂಕ ಕೆಳಗಿಳಿಸಿ ಚೆಂಡು ಎತ್ತರಕ್ಕೇ ಏಳುವಂತೆ ಮಾಡಿರುತ್ತಾರೆ. ಆದರೆ ಮೇಲಿನ ಕ್ಲಬ್‌ಗಳೆಲ್ಲ ಹೀಗೆ ಸರಿದಾಗ ಕೆಳಗೆ ಪಿಚಿಂಗ್ ವೆಡ್ಜಿಗೂ ಸ್ಯಾಂಡ್ ವೆಡ್ಜಿಗೂ ನಡುವೆ ದೊಡ್ಡ ಕಂದಕ ಬೀಳುತ್ತದೆ. ಅದನ್ನು ಮುಚ್ಚಲು ಇನ್ನೊಂದು ವೆಡ್ಜ್ ಕೊಳ್ಳಬೇಕು. ಹಾಗಾಗಿ ಯಾವ ಕ್ಲಬ್ ಕೊಂಡರೂ ಲಾಫ್ಟ್ ಎಷ್ಟು ಡಿಗ್ರಿ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಏಳು ಯಾವುವು ಅಂದರೆ: ಟೀಯಿಂದಲೂ (ಮೊದಲ ಏಟು ಹೊಡೆಯುವ ಜಾಗ) ಫೇರ್‌ವೇಯಿಂದಲೂ (ನಡುವಿನ ಕತ್ತರಿಸಿದ ಹುಲ್ಲು) ಹೊಡೆಯಬಹುದಾದ, ದಪ್ಪ ತಲೆಯ ಒಂದು 5 ವುಡ್, ವುಡ್‌ಗೂ ಐರನ್‌ಗೂ ನಡುವಿನದಾದ ಒಂದು ಹೈಬ್ರಿಡ್, 7 ಮತ್ತು 9 ಐರನ್, ಪಿಚಿಂಗ್ ವೆಡ್ಜ್, ಸ್ಯಾಂಡ್ ವೆಡ್ಜ್, ಪಟರ್. 3, 4 ಐರನ್‌ಗಳನ್ನು ಪುಕ್ಕಟೆ ಕೊಟ್ಟರೂ ಬೇಡ. ನಿಯಮದ ಪ್ರಕಾರ ಬ್ಯಾಗಿನಲ್ಲಿ 14 ಕ್ಲಬ್‌ವರೆಗೆ ಇರಬಹುದು, ಇರಲೇಬೇಕು ಅಂತೇನಿಲ್ಲ. 1916ರಲ್ಲಿ ಚಿಕ್ ಇವಾನ್ಸ್ ಯುಎಸ್ ಓಪನ್ ಗೆದ್ದದ್ದು ಬರೀ 7 ಕ್ಲಬ್ಬಿನಲ್ಲಿ. ಹೆಚ್ಚಾಗಿ ಕೆಟ್ಟವರೂ ಇದ್ದಾರೆ. 2001ರ ಓಪನ್ ಚಾಂಪಿಯನ್‌ಶಿಪ್ಪಿನ ಕೊನೆಯ ದಿನ ಇಯಾನ್ ವೂಸ್ನಮ್ ಮೊದಲ ಹೋಲಿನಲ್ಲಿ ಸೊಗಸಾಗಿ ಆಡಿ ಎರಡನೆಯ ಟೀಗೆ ಬಂದರೆ, ಬ್ಯಾಗಿನಲ್ಲಿ ಎರಡು ಡ್ರೈವರ್, ಒಟ್ಟು 15 ಕ್ಲಬ್. ಎರಡು ಸ್ಟ್ರೋಕ್ ದಂಡ ಬಿತ್ತು.

ಸ್ಯಾಂಡ್ ವೆಡ್ಜ್ ಕೊಳ್ಳುವಾಗ 56 ಡಿಗ್ರಿಯ ಆಸುಪಾಸು ಸಾಕು, ಆದರೆ ಬೌನ್ಸ್ ನೋಡಿ. ಅಡಿಭಾಗದ ಉಬ್ಬು ಅದು. ಮರಳೊಳಗೆ ಕ್ಲಬ್ ಹೂತುಹೋಗದೆ ಜಾರುವಂತೆ ಮಾಡುವುದು ಅದೇ. ಜೀನ್ ಸಾರಾಜೆನ್ ತಮ್ಮ ಕ್ಲಬ್ಬಿನ ಅಡಿಗೆ ಲೋಹ ಬೆಸೆದು ಅಂಥದ್ದನ್ನು ಮಾಡಿಕೊಂಡು 1932ರ ಬ್ರಿಟಿಷ್ ಓಪನ್ ಗೆದ್ದರು. ನೀವು ಆಡುವಲ್ಲಿ ಮರಳು ಮೆತ್ತಗಿದ್ದರೆ, ಹುಲ್ಲು ದಟ್ಟವಾಗಿದ್ದರೆ 10-12 ಡಿಗ್ರಿ ಬೌನ್ಸ್, ನೆಲ ಗಟ್ಟಿಯಿದ್ದರೆ ಕಡಿಮೆ.

ಹೊಸದೇ ಬೇಕು ಅನ್ನುವ ಆಸೆಯಿದ್ದರೆ ಅದನ್ನು ಪಟರ್ ಮೇಲೆ ತೀರಿಸಿಕೊಳ್ಳಿ. 72 ಪಾರ್‌ನಲ್ಲಿ, ಅಂದರೆ ಮೈದಾನಕ್ಕೆ ನಿಗದಿಯಾದ 72 ಏಟಿನಲ್ಲಿ, 36 ಏಟು ಪಟಿಂಗಿಗೇ ಅಂತ ಲೆಕ್ಕ, ಆದರೂ ಜನ ಪಟರನ್ನು ಸೆಟ್ ಜೊತೆ ಬಂದದ್ದು ಅಂತ ಸುಮ್ಮನೆ ಇಟ್ಟುಕೊಳ್ಳುತ್ತಾರೆ. ನಿಮ್ಮ ಎತ್ತರಕ್ಕೆ 33 ಅಂಗುಲದಿಂದ ನೋಡುತ್ತಾ ಬನ್ನಿ. 35 ಅಂಗುಲದ್ದು ಹಿಡಿದರೆ ಗ್ರಿಪ್ಪಿನ ತುದಿ ಹೊಟ್ಟೆಗೆ ತಾಗಿ ಮೊಣಕೈ ಹೊರಗೆ ಚಾಚಿಕೊಳ್ಳುತ್ತದೆ. ಪಟರನ್ನು ಬೆರಳ ಮೇಲೆ ಅಡ್ಡ ಇಟ್ಟು ತೂಗಿಸಿ ನೋಡಿ. ಮುಖ ಆಕಾಶ ನೋಡಿದರೆ ಅದು ನೆಟ್ಟಗೆ ಹಿಂದೆ-ಮುಂದೆ ಆಡಿಸುವವರಿಗೆ, ಟೋ ಕೆಳಗೆ ಜೋತರೆ ಬಾಗಿಲಿನ ಹಾಗೆ ತೆರೆದು ಮುಚ್ಚುವವರಿಗೆ ಅನ್ನುತ್ತಾರೆ. ನಾನು ಇದನ್ನು ಅರ್ಧ ನಂಬುತ್ತೇನೆ. ಕೆಳಗೆ ನೋಡಿದಾಗ ಗುರಿ ನೆಟ್ಟಗೆ ಕಂಡರೆ ಅದೇ ನಿಮ್ಮದು.

ಹಳೆಯ ಐರನ್ ಕೊಳ್ಳುವಾಗ ಎಲ್ಲವನ್ನೂ ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸಿ. ಗ್ರಿಪ್ಪಿನ ತುದಿಗಳು ಸುಮಾರು ಅರ್ಧ ಅಂಗುಲದ ಮೆಟ್ಟಿಲಿನ ಹಾಗೆ ಕಾಣಬೇಕು. ಒಂದು ಮೆಟ್ಟಿಲು ತಪ್ಪಿದ್ದರೆ ಯಾರೋ ಆ ಶಾಫ್ಟ್ ಮುರಿದು ಬೇರೆ ಹಾಕಿದ್ದಾರೆ. ಗ್ರೂವ್‌ಗೆ ಉಗುರು ಸಿಕ್ಕಬೇಕು. ತಲೆ ಅಲ್ಲಾಡಿಸಿದರೆ ಒಳಗೆ ಗಲಗಲ ಅನ್ನಬಾರದು. ಗ್ರಾಫೈಟ್ ಶಾಫ್ಟಿನಲ್ಲಿ ತಲೆಯ ಹತ್ತಿರ, ಬ್ಯಾಗಿನ ಅಂಚಿಗೆ ಉಜ್ಜಿದ ಕಡೆ ಬೆರಳಾಡಿಸಿ, ಬಿರುಕಿದ್ದರೆ ಗೊತ್ತಾಗುತ್ತದೆ. ಗ್ರಿಪ್ ಸವೆದಿದ್ದರೆ ಚಿಂತೆಯಿಲ್ಲ, ಬದಲಾಯಿಸಬಹುದು. ಹೊಚ್ಚ ಹೊಸ ಮಾಡೆಲ್ ಅರ್ಧ ಬೆಲೆಗೆ ಆನ್‌ಲೈನಿನಲ್ಲಿ ಕಂಡರೆ ಅದು ನಕಲಿ ಅಂತಲೇ ಇಟ್ಟುಕೊಳ್ಳಿ.

ಚೆಂಡು: ಎರಡು ಪದರದ, ಗಟ್ಟಿ ಹೊದಿಕೆಯದು ಸಾಕು, ಬೇಗ ಹರಿಯುವುದಿಲ್ಲ. ಯುರೆಥೇನ್ ಹೊದಿಕೆಯ ದುಬಾರಿ ಚೆಂಡು ಕುಳಿಯಿರುವ ನುಣುಪು ಹುಲ್ಲಿನ ಜಾಗ, ಗ್ರೀನ್, ಹತ್ತಿರ ಹೆಚ್ಚು ತಿರುಗಿ ಬೇಗ ನಿಲ್ಲುತ್ತದೆ. ಆದರೆ ನೀರಿಗೆ ಬಿದ್ದಾಗ ಎರಡೂ ಒಂದೇ ಥರ ಮುಳುಗುತ್ತವೆ. ಯಾವುದಾದರೂ ಸರಿ, ಒಂದೇ ಮಾಡೆಲ್‌ಗೆ ಅಂಟಿಕೊಳ್ಳಿ. ಗ್ಲೌಸ್ ಎಡಗೈಗೆ, ಬಿಗಿಯಾಗಿ. ಶೂ ಕೊಳ್ಳುವಾಗ ಜಿಪುಣತನ ಬೇಡ. ಬ್ಯಾಗ್ ಹಗುರವಾಗಿದ್ದರೆ ಮುಗಿಯಿತು.

ಡ್ರೈವರಿಗೆ ಇನ್ನಾರು ತಿಂಗಳು ಬಿಡಿ. ಬೀಸು ಇನ್ನೂ ಬದಲಾಗುತ್ತಿರುವಾಗ ಅದರ ಅಳತೆ ತೆಗೆಸುವುದು, ಬೆಳೆಯುವ ಮಗುವಿಗೆ ಮದುವೆಯ ಬಟ್ಟೆ ಹೊಲಿಸಿದ ಹಾಗೆ. ತಲೆಯ ಗಾತ್ರಕ್ಕೆ 460 ಸಿಸಿ ಮಿತಿಯಿದೆ, ಹಾಗಾಗಿ ಇನ್ನೂ ದೊಡ್ಡದು ಬಂದೀತು ಅಂತ ಕಾಯುವುದೇನೂ ಇಲ್ಲ. ಕೊಳ್ಳುವಾಗ 12 ಡಿಗ್ರಿ ಲಾಫ್ಟ್ ಕೇಳಲು ನಾಚಬೇಡಿ. ನಿಧಾನ ಬೀಸುವವರಿಗೆ 9 ಡಿಗ್ರಿಗಿಂತ ಅದೇ ದೂರ ಹೋಗುತ್ತದೆ.

ಅಂಗಡಿಗೆ ಹೋಗುವ ದಿನ ನಿಮ್ಮದೇ ಶೂ, ನಿಮ್ಮದೇ ಚೆಂಡು, ಆ ಮಾರ್ಕರ್ ಒಯ್ಯಿರಿ. ಸಾಧ್ಯವಾದರೆ ಮ್ಯಾಟ್ ಮೇಲಲ್ಲ, ಹುಲ್ಲಿನ ಮೇಲೆ ಹೊಡೆದು ನೋಡಿ. ಚೆಂಡಿಗಿಂತ ಒಂದು ಅಂಗುಲ ಹಿಂದೆ ಹೊಡೆದರೂ ಮ್ಯಾಟ್ ಮೇಲೆ ಕ್ಲಬ್ ಜಾರಿ ಒಳ್ಳೆಯ ಏಟಿನ ಹಾಗೆ ಕಾಣುತ್ತದೆ. ಮೊದಲ ಹತ್ತು ಚೆಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವನ್ನು ಎಲ್ಲರೂ ಅಂಗಡಿಯವನಿಗೆ ತೋರಿಸಲು ಹೊಡೆಯುತ್ತಾರೆ. ಮೂವತ್ತು ದಾಟಿ ತೋಳು ಸ್ವಲ್ಪ ಸೋತ ಮೇಲೆ ನಿಮ್ಮ ನಿಜವಾದ ಬೀಸು ಬರುತ್ತದೆ. ಆಗ ಯಾವ ಕ್ಲಬ್ ಚೆಂಡನ್ನು ಎತ್ತುತ್ತದೋ ನೋಡಿ.